‘ಟು ಲಿವ್ ಅಂಡ್ ಡೈ ಇನ್ ಎಲ್.ಎ.’ ನೋಡುವ ಬಗೆ: ಕಣ್ಣು ಎರಡನೇ ಏಜೆಂಟ್ ಮೇಲಿರಲಿ

ಖೋಟಾನೋಟು ಮುದ್ರಿಸುವ ಒಬ್ಬ. ಅವನ ಬೆನ್ನು ಹತ್ತಿದ ಇಬ್ಬರು ಸರ್ಕಾರಿ ಏಜೆಂಟರು. ಇಷ್ಟೇ ಹೇಳಿದರೆ ‘ಅಯ್ಯೋ, ಇಂಥದ್ದು ಎಷ್ಟು ನೋಡಿಲ್ಲ’ ಅನ್ನಿಸಬಹುದು. ಆದರೆ ವಿಲಿಯಂ ಫ್ರೀಡ್ಕಿನ್ ನಿರ್ದೇಶನದ ‘ಟು ಲಿವ್ ಅಂಡ್ ಡೈ ಇನ್ ಎಲ್.ಎ.’ ಅಂಥ ಸಿನಿಮಾ ಅಲ್ಲ. 1985ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ಸುಮಾರು 60 ಲಕ್ಷ ಡಾಲರ್ ಬಜೆಟ್. ಆಗ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ನಟರು. ಇಷ್ಟು ವರ್ಷ ಕಳೆದರೂ ಅದರ ಬಿಸಿ ಆರಿಲ್ಲ.

ಇದನ್ನು ನೋಡಲು ಒಂದು ಮಾರ್ಗದರ್ಶಿ ಯಾಕೆ ಬೇಕು? ಈ ಸಿನಿಮಾ ಯಾವುದನ್ನೂ ಬಿಡಿಸಿ ಹೇಳುವುದಿಲ್ಲ. ಪಾತ್ರಗಳ ಹೆಸರು ಒಂದೇ ಸಲ ಕಿವಿಗೆ ಬಿದ್ದು ಹೋಗುತ್ತವೆ. ಇಲಾಖೆಯ ನಿಯಮಗಳು ನಿಮಗೆ ಮೊದಲೇ ಗೊತ್ತು ಅನ್ನುವಂತೆ ಮಾತು ಸಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಅಂದರೆ, ನಾಯಕ ಅಂದುಕೊಂಡವನು ನಮಗೆ ಇಷ್ಟವಾಗುವುದೇ ಇಲ್ಲ. ಅರ್ಧಕ್ಕೇ ಎದ್ದು ಹೋಗುವವರು ಹೋಗುವುದು ಈ ಕಾರಣಕ್ಕೆ. ಆದರೆ ಇದು ಅವನ ಕಥೆ ಅಲ್ಲ, ಅವನ ಪಕ್ಕದಲ್ಲಿ ಕೂತವನ ಕಥೆ ಅಂದುಕೊಂಡು ನೋಡಿ. ಆಗ ಪ್ರತಿ ದೃಶ್ಯಕ್ಕೂ ಒಂದು ಅರ್ಥ ಬರುತ್ತದೆ.

ಮೊದಲ ಏಳು ಹಂತಗಳನ್ನು ಸಿನಿಮಾ ನೋಡುವ ಮುಂಚೆಯೇ ಧೈರ್ಯವಾಗಿ ಓದಬಹುದು. ಆರಂಭದ ಒಂದು ಸಾವನ್ನು ಬಿಟ್ಟರೆ ಅಲ್ಲಿ ಯಾವ ಗುಟ್ಟನ್ನೂ ಬಿಟ್ಟುಕೊಟ್ಟಿಲ್ಲ. ಎಂಟನೆಯದಕ್ಕೆ ಬಂದಾಗ ನಿಲ್ಲಿಸಿ, ನೋಡಿ, ಆಮೇಲೆ ಮುಂದುವರಿಯಿರಿ.

1. ಇವರು ಯಾವ ಇಲಾಖೆಯವರು ಅಂತ ತಿಳಿದುಕೊಳ್ಳಿ

ಸೀಕ್ರೆಟ್ ಸರ್ವಿಸ್ ಅಂದರೆ ನಮ್ಮ ಕಣ್ಣಿಗೆ ಬರುವುದು ಕಪ್ಪು ಕನ್ನಡಕ ಹಾಕಿಕೊಂಡು ಅಮೆರಿಕದ ಅಧ್ಯಕ್ಷರ ಪಕ್ಕ ನಿಂತವರು. ಆದರೆ ಆ ಸಂಸ್ಥೆ ಹುಟ್ಟಿದ್ದು ಅಧ್ಯಕ್ಷರನ್ನು ಕಾಯುವುದಕ್ಕಲ್ಲ. ಅಲ್ಲಿನ ಅಂತರ್ಯುದ್ಧ ಮುಗಿದ ಬೆನ್ನಿಗೇ, 1865ರ ಜುಲೈನಲ್ಲಿ, ಖೋಟಾನೋಟಿನ ಹಾವಳಿ ತಡೆಯಲು ಖಜಾನೆ ಇಲಾಖೆ ಅದನ್ನು ಶುರುಮಾಡಿತು. 1901ರಲ್ಲಿ ಅಧ್ಯಕ್ಷ ಮೆಕಿನ್ಲಿಯ ಹತ್ಯೆಯಾಯಿತು. ಅಧ್ಯಕ್ಷರ ರಕ್ಷಣೆಯ ಹೊಣೆ ಅದರ ಹೆಗಲಿಗೆ ಬಂದದ್ದು ಆಮೇಲೆ. 2003ರವರೆಗೂ ಅದು ಖಜಾನೆ ಇಲಾಖೆಯಲ್ಲೇ ಇತ್ತು.

ಇಷ್ಟು ಗೊತ್ತಿದ್ದರೆ ಸಿನಿಮಾದ ಮೊದಲ ದೃಶ್ಯ ಗಲಿಬಿಲಿ ಮಾಡುವುದಿಲ್ಲ. ಹೋಟೆಲೊಂದರಲ್ಲಿ ಅಧ್ಯಕ್ಷ ರೇಗನ್ ಭಾಷಣ. ಏಜೆಂಟರು ಕಾವಲು ನಿಂತಿದ್ದಾರೆ. ಸ್ವಲ್ಪ ಹೊತ್ತಿಗೆ ಅದೇ ಏಜೆಂಟರು ಖೋಟಾನೋಟಿನ ಜಾಡು ಹಿಡಿದು ಓಡುತ್ತಿದ್ದಾರೆ. ಒಂದೇ ಇಲಾಖೆಯ ಎರಡು ಕೆಲಸ, ಅಷ್ಟೇ.

ಇನ್ನೊಂದು ಸಂಗತಿ ನೆನಪಿರಲಿ. 1985ರ ಡಾಲರ್ ನೋಟಿಗೆ ಇವತ್ತಿನಷ್ಟು ಕಾವಲು ಇರಲಿಲ್ಲ. ಒಳಗೆ ಹುದುಗಿಸುವ ಭದ್ರತಾ ದಾರ 1990ರ ನಂತರ ಬಂತು. ನೀರುಗುರುತು, ಬಣ್ಣ ಬದಲಿಸುವ ಶಾಯಿ ಬಂದದ್ದು 1996ರ ನೂರು ಡಾಲರ್ ನೋಟಿನಿಂದ. ಆವತ್ತಿಗೆ ಮುಖ್ಯವಾಗಿ ಇದ್ದದ್ದು ಹತ್ತಿ ಮತ್ತು ನಾರಗಸೆಯ ವಿಶೇಷ ಕಾಗದ, ಕೆತ್ತಿದ ಅಚ್ಚಿನಿಂದ ಬರುವ ನವಿರಾದ ಗೆರೆ. ನೋಟಿನ ಕಾಗದಕ್ಕೆಂದೇ ಒಂದು ಕಾರ್ಖಾನೆ, ಮುದ್ರಣಕ್ಕೆ ಇನ್ನೊಂದು, ಎರಡೂ ನಮ್ಮ ಮೈಸೂರಿನಲ್ಲಿವೆ. ಬರೀ ಕಾಗದಕ್ಕೇ ಅಷ್ಟು ದೊಡ್ಡ ವ್ಯವಸ್ಥೆ ಬೇಕು ಅಂದರೆ ಅದರ ಮಹತ್ವ ಎಷ್ಟು ಅಂತ ಊಹಿಸಬಹುದು. ಆ ಕಾಲದಲ್ಲಿ ಕೈಚಳಕ ಇರುವ ಒಬ್ಬನೇ ಮುದ್ರಕ ಒಂದು ಇಡೀ ಇಲಾಖೆಯ ನಿದ್ದೆ ಕೆಡಿಸಬಲ್ಲವನಾಗಿದ್ದ. ಚಿತ್ರದ ಖಳನಾಯಕ ರಿಕ್ ಮಾಸ್ಟರ್ಸ್ ಅಂಥವನು.

ಕಥೆಗೆ ಬೇರು ಇರುವುದೂ ಇಲ್ಲೇ. ಮೂಲ ಕಾದಂಬರಿ ಬರೆದ ಜೆರಾಲ್ಡ್ ಪೆಟಿವಿಚ್ ಸ್ವತಃ ಸೀಕ್ರೆಟ್ ಸರ್ವಿಸ್‌ನಲ್ಲಿ ಏಜೆಂಟ್ ಆಗಿ ದುಡಿದವರು. ಚಿತ್ರಕಥೆಯನ್ನೂ ಫ್ರೀಡ್ಕಿನ್ ಜೊತೆ ಕೂತು ಬರೆದರು. ಕಚೇರಿಯ ಮಾತು, ಮೇಲಧಿಕಾರಿಯ ಕಿರಿಕಿರಿ, ಮಾಹಿತಿದಾರರ ಜೊತೆಗಿನ ವ್ಯವಹಾರ ಇವೆಲ್ಲ ಒಳಗಿನವರ ಮಾತಿನಂತೆ ಕೇಳುವುದು ಅದಕ್ಕೇ.

2. ಎಲ್ಲಿ, ಹೇಗೆ, ಯಾರ ಜೊತೆ

ಸಿನಿಮಾದ ಉದ್ದ 116 ನಿಮಿಷ. ಮಧ್ಯೆ ಎದ್ದು ಹೋಗದೆ ಒಂದೇ ಸಲಕ್ಕೆ ನೋಡಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ನಿಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಹಾಕಿಕೊಳ್ಳಿ. ಇಲ್ಲಿ ಮಾತು ವೇಗ, ಜೊತೆಗೆ ಪೊಲೀಸರ, ಕಳ್ಳರ ಬೀದಿಮಾತು ಜಾಸ್ತಿ.

ಮೊಬೈಲ್‌ನಲ್ಲಿ ಬೇಡ. ಇದು ಬಣ್ಣದ ಮೇಲೆ ನಿಂತ ಸಿನಿಮಾ. ಮಸುಕಾದ ಹಳೇ ಪ್ರತಿಯಲ್ಲಿ ಆ ಕೆಂಪು, ಕಿತ್ತಳೆ, ಹಸಿರು ಎಲ್ಲ ಕಲಸಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹೊಸದಾಗಿ ಶುದ್ಧಗೊಳಿಸಿದ ಪ್ರತಿ ಸಿಕ್ಕರೆ ಅದನ್ನೇ ಹುಡುಕಿ. ಹಗಲಿನಲ್ಲಿ ನೋಡುವುದಾದರೆ ಕಿಟಕಿಗೆ ಪರದೆ ಎಳೆಯಿರಿ.

ಮಕ್ಕಳ ಜೊತೆ, ಮನೆಮಂದಿಯೆಲ್ಲ ಕೂತು ನೋಡುವ ಚಿತ್ರ ಇದಲ್ಲ. ಹಿಂಸೆ ಮುಖಕ್ಕೆ ರಾಚುತ್ತದೆ. ನಗ್ನತೆ ಇದೆ, ಬೈಗುಳ ತುಂಬಾ ಇದೆ. ರಕ್ತ ನೋಡಿದರೆ ಆಗದವರು ಮೊದಲೇ ಯೋಚಿಸಿಕೊಳ್ಳಿ.

3. ಮೊದಲ ಇಪ್ಪತ್ತು ನಿಮಿಷದಲ್ಲಿ ನಾಲ್ಕು ಮುಖ ಗುರುತು ಹಿಡಿಯಿರಿ

ರಿಚರ್ಡ್ ಚಾನ್ಸ್. ನಟ ವಿಲಿಯಂ ಪೀಟರ್ಸನ್. ಮುಂದೆ ‘ಸಿ.ಎಸ್.ಐ.’ ಟಿವಿ ಸರಣಿಯಲ್ಲಿ ಶಾಂತ ಸ್ವಭಾವದ ವಿಜ್ಞಾನಿಯಾಗಿ ಕಂಡವರು ಇವರೇ. ಇಲ್ಲಿ ಅವರು ಬೆಂಕಿಯ ಉಂಡೆ.

ಜಿಮ್ ಹಾರ್ಟ್. ಚಾನ್ಸ್‌ನ ಹಳೇ ಜೊತೆಗಾರ, ವಯಸ್ಸಾದ ಏಜೆಂಟ್. ನಿವೃತ್ತಿಗೆ ಮೂರು ದಿನ ಇದೆ. ಒಂಟಿಯಾಗಿ ಒಂದು ಗೋದಾಮು ನೋಡಲು ಹೋಗಿ ಸಾಯುತ್ತಾನೆ. ಆರಂಭದಲ್ಲೇ ಆಗುವ ಇದು ಗುಟ್ಟೇನಲ್ಲ, ಕಥೆಯ ಕಿಡಿ.

ರಿಕ್ ಮಾಸ್ಟರ್ಸ್. ನಟ ವಿಲೆಮ್ ಡಫೋ, ಆಗಿನ್ನೂ ಎಳೆಯ ಮುಖ. ಚಿತ್ರ ಬಿಡಿಸುತ್ತಾನೆ, ತಾನೇ ಬಿಡಿಸಿದ ಚಿತ್ರಕ್ಕೆ ಬೆಂಕಿ ಇಡುತ್ತಾನೆ, ನೋಟು ಮುದ್ರಿಸುತ್ತಾನೆ.

ಜಾನ್ ವುಕೋವಿಚ್. ನಟ ಜಾನ್ ಪ್ಯಾಂಕೋ. ಹಾರ್ಟ್ ಸತ್ತ ಮೇಲೆ ಚಾನ್ಸ್‌ಗೆ ಜೊತೆಯಾಗುವ ಹೊಸಬ. ಈ ಮುಖವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಇದೇ ಭಾಗದಲ್ಲಿ ಚಾನ್ಸ್ ಸ್ಯಾನ್ ಪೆಡ್ರೊ ಬಂದರಿನ ವಿನ್ಸೆಂಟ್ ಥಾಮಸ್ ಸೇತುವೆಯ ಮೇಲಿಂದ ಕಾಲಿಗೆ ಹಗ್ಗ ಕಟ್ಟಿಕೊಂಡು ಜಿಗಿಯುತ್ತಾನೆ. ಸುಮ್ನೆ ಶೋಕಿಗೆ ಇಟ್ಟ ದೃಶ್ಯ ಅಂತ ದಾಟಿಸಬೇಡಿ. ಹಗ್ಗ ಬಿಗಿಯಾಗಿ ಅವನನ್ನು ಮೇಲಕ್ಕೆ ಎಳೆಯುವಾಗ ಅವನ ಮುಖದಲ್ಲಿರುವ ಸಂತೋಷ ನೋಡಿ. ಈ ಮನುಷ್ಯನಿಗೆ ಕೆಲಸ ಅಂದರೆ ನ್ಯಾಯ ಅಲ್ಲ, ಆ ಜಿಗಿತ. ಜೊತೆಗಾರನ ಸಾವು ಅವನಿಗೆ ಜಿಗಿಯಲು ಇನ್ನೊಂದು ನೆಪ ಕೊಡುತ್ತದೆ. ಇಷ್ಟು ಕಠಿಣವಾಗಿ ಹೇಳಬಾರದೇನೋ. ಆದರೆ ಸಿನಿಮಾ ಪೂರ್ತಿ ನೋಡಿದ ಮೇಲೆ ಬೇರೆ ರೀತಿ ಹೇಳಲು ನನಗೆ ಆಗುವುದಿಲ್ಲ.

ತೆರೆಯ ಮೇಲೆ ಆಗಾಗ ದಿನಾಂಕ ಮೂಡುತ್ತದೆ. ಡಿಸೆಂಬರ್ 20ಕ್ಕೆ ಕಥೆ ಶುರು. ಆ ದಿನಾಂಕಗಳನ್ನು ಓದಿಕೊಂಡು ಹೋಗಿ. ಕ್ರಿಸ್‌ಮಸ್, ಹೊಸ ವರ್ಷ ಎರಡೂ ಈ ಕಥೆಯ ನಡುವೆಯೇ ಬಂದು ಹೋಗುತ್ತವೆ. ಇವರಲ್ಲಿ ಯಾರ ಮನೆಗೂ ಹಬ್ಬ ಬಂದಂತೆ ಕಾಣುವುದಿಲ್ಲ.

4. ನೋಟು ಮುದ್ರಿಸುವ ದೃಶ್ಯವನ್ನು ಎರಡು ಸಲ ನೋಡಿ

ಮಾಸ್ಟರ್ಸ್ ಮರುಭೂಮಿಯ ಗೋದಾಮಿನಲ್ಲಿ ಒಬ್ಬನೇ ಕೆಲಸ ಮಾಡುವ ದೃಶ್ಯ ಬರುತ್ತದೆ. ಮಾತು ಇಲ್ಲ ಅನ್ನುವಷ್ಟು ಕಮ್ಮಿ. ಸಂಗೀತ, ಯಂತ್ರದ ಸದ್ದು, ಅವನ ಕೈ, ಇಷ್ಟೇ. ಮೊದಲ ಸಲ ಅದನ್ನು ಹಾಗೇ ನೋಡಿ. ಮುಗಿದ ಮೇಲೆ ಹಿಂದೆ ಹೋಗಿ ಇನ್ನೊಮ್ಮೆ ನೋಡಿ.

ಎರಡನೇ ಸಲ ಅವನ ಮುಖ ಬಿಟ್ಟು ಕೈಯನ್ನಷ್ಟೇ ಗಮನಿಸಿ. ಎಲ್ಲೂ ಅವಸರ ಇಲ್ಲ. ಶಾಯಿಯ ಬಣ್ಣ ಹದಕ್ಕೆ ಬಂತಾ ಅಂತ ನೋಡುವ ರೀತಿ, ಹಾಳೆ ಎತ್ತಿ ಬೆಳಕಿಗೆ ಹಿಡಿಯುವ ರೀತಿ, ಸರಿ ಬರದಿದ್ದನ್ನು ಪಕ್ಕಕ್ಕಿಡುವ ರೀತಿ. ಇದು ಕಳ್ಳನ ಗಡಿಬಿಡಿ ಅಲ್ಲ, ಒಬ್ಬ ಒಳ್ಳೆಯ ಕಸುಬುದಾರನ ತಾಳ್ಮೆ. ಇಡೀ ಸಿನಿಮಾದಲ್ಲಿ ತನ್ನ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡುವವನು ಇವನೊಬ್ಬನೇ ಅನ್ನುವುದು ನೋಡುವವರಿಗೆ ಕಸಿವಿಸಿ ತರುತ್ತದೆ. ಆ ಕಸಿವಿಸಿ ಬೇಕು ಅಂತಲೇ ಫ್ರೀಡ್ಕಿನ್ ಈ ದೃಶ್ಯವನ್ನು ಇಷ್ಟು ಉದ್ದ ಬಿಟ್ಟಿದ್ದಾರೆ ಅಂತ ನನ್ನ ನಂಬಿಕೆ.

ಈ ದೃಶ್ಯ ಇಷ್ಟು ನಿಜ ಅನ್ನಿಸಲು ಕಾರಣ ಇದೆ. ಖೋಟಾನೋಟು ಮುದ್ರಿಸಿ ಜೈಲು ಕಂಡುಬಂದವರಿಂದಲೇ ಚಿತ್ರತಂಡ ಸಲಹೆ ಪಡೆದಿತ್ತು. ಚಿತ್ರೀಕರಣಕ್ಕೆಂದು ನಿಜವಾಗಿಯೂ ನೋಟು ಮುದ್ರಿಸಿದರು. ಚಲಾವಣೆಗೆ ಬರಬಾರದು ಅಂತ ಬೇಕೆಂದೇ ಕೆಲವು ತಪ್ಪುಗಳನ್ನು ಇಟ್ಟರು. ಕೆಲಸ ಮುಗಿದ ಮೇಲೆ ಬಹುಪಾಲು ಸುಟ್ಟರು. ಆದರೂ ಕೆಲವು ಹೊರಗೆ ಹೋದವು. ತಂಡದವರೊಬ್ಬರ ಮಗ ಅಂಗಡಿಯಲ್ಲಿ ಮಿಠಾಯಿ ಕೊಳ್ಳಲು ಹೋಗಿ ಸಿಕ್ಕಿಬಿದ್ದ, ತನಿಖೆಯವರು ಬಂದು ತಂಡದವರನ್ನು ಪ್ರಶ್ನಿಸಿದರು. ಖೋಟಾನೋಟಿನ ಸಿನಿಮಾವೇ ಖೋಟಾನೋಟಿನ ಪ್ರಕರಣಕ್ಕೆ ಕಾರಣವಾಯಿತು.

5. ಬೆಳಕು ನೋಡಲು ಕಲಿಯಿರಿ

ಹಳೇ ನೊಯಿರ್ ಸಿನಿಮಾ ಅಂದರೆ 1940, 50ರ ದಶಕದ ಹಾಲಿವುಡ್ ಅಪರಾಧ ಕಥೆಗಳು. ಕಪ್ಪು ಬಿಳುಪು. ರಾತ್ರಿ, ಮಳೆ, ಗೋಡೆಯ ಮೇಲೆ ಉದ್ದನೆಯ ನೆರಳು. ತಪ್ಪು ಹೆಜ್ಜೆ ಇಟ್ಟ ಮನುಷ್ಯ ತಪ್ಪಿಸಿಕೊಳ್ಳಲು ಹೋದಷ್ಟೂ ಆಳಕ್ಕೆ ಇಳಿಯುತ್ತಾನೆ. ನಿಯೋ ನೊಯಿರ್ ಅಂದರೆ ಅದೇ ಮನಸ್ಥಿತಿಯನ್ನು ಬಣ್ಣದ ಕಾಲಕ್ಕೆ ತಂದ ಸಿನಿಮಾಗಳು.

ಫ್ರೀಡ್ಕಿನ್ ಇಲ್ಲಿ ಒಂದು ಧೈರ್ಯ ಮಾಡಿದ್ದಾರೆ. ನೊಯಿರ್‌ನ ಕತ್ತಲನ್ನೇ ತೆಗೆದು, ಅದರ ಜಾಗಕ್ಕೆ ಲಾಸ್ ಏಂಜಲಿಸ್‌ನ ಬಿಸಿಲು ತಂದಿಟ್ಟಿದ್ದಾರೆ. ಕೊಲೆ ನಡೆಯುವುದು ಸುಡುವ ಹಗಲಿನಲ್ಲಿ. ಬೆನ್ನಟ್ಟಿ ಓಡುವುದೂ ಹಗಲಿನಲ್ಲೇ. ಅಡಗಲು ನೆರಳೇ ಇಲ್ಲ. ಎಲ್ಲವೂ ಕಣ್ಣಿಗೆ ಕಾಣುತ್ತದೆ, ಆದರೂ ಯಾರಿಗೂ ದಾರಿ ಕಾಣುವುದಿಲ್ಲ.

ಕ್ಯಾಮೆರಾ ಹಿಡಿದವರು ರಾಬಿ ಮ್ಯೂಲರ್. ನೆದರ್ಲ್ಯಾಂಡ್ಸ್ ಮೂಲದವರು. ಯುರೋಪಿನಿಂದ ಬಂದ ಕಣ್ಣು ಅವರದು, ಹಾಗಾಗಿ ಲಾಸ್ ಏಂಜಲಿಸ್ ಅವರಿಗೆ ಪೋಸ್ಟ್‌ಕಾರ್ಡಿನಂತೆ ಕಾಣಲಿಲ್ಲ. ಹಾಲಿವುಡ್ ಬೆಟ್ಟದ ಆ ದೊಡ್ಡ ಅಕ್ಷರಗಳಾಗಲಿ, ಸಿನಿಮಾ ತಾರೆಯರ ಬಂಗಲೆಗಳಾಗಲಿ ಇಲ್ಲಿ ಮುಖ್ಯವಲ್ಲ. ಬಂದರಿನ ಕ್ರೇನು, ತೈಲ ಶುದ್ಧೀಕರಣದ ಕೊಳವೆ, ಸರಕು ರೈಲಿನ ಹಳಿ, ಕಾಂಕ್ರೀಟ್ ಕಾಲುವೆಯಾಗಿಹೋದ ನದಿ, ಹೊಗೆಯಿಂದ ಕೆಂಪಾದ ಬೆಳಗು, ಇದು ಅವರು ಕಂಡ ಊರು. ದುಡಿಯುವವರ, ಸಾಗಿಸುವವರ, ಕದಿಯುವವರ ಊರು.

ಒಂದು ಅಭ್ಯಾಸ ಹೇಳುತ್ತೇನೆ. ಹೊಸ ದೃಶ್ಯ ಶುರುವಾದಾಗಲೆಲ್ಲ ಬೆಳಕು ಎಲ್ಲಿಂದ ಬರುತ್ತಿದೆ ಅಂತ ಕೇಳಿಕೊಳ್ಳಿ. ಕಿಟಕಿಯಿಂದಲಾ? ಟ್ಯೂಬ್‌ಲೈಟಿಂದಲಾ? ಬಾರಿನ ಬಣ್ಣದ ದೀಪದಿಂದಲಾ? ಮಾಸ್ಟರ್ಸ್ ಇರುವ ಕಡೆ ಕೆಂಪು ಎಷ್ಟು ಸಲ ಬರುತ್ತದೆ ನೋಡಿ. ಬೆಂಕಿ ಎಷ್ಟು ಸಲ ಬರುತ್ತದೆ ನೋಡಿ. ಹತ್ತು ನಿಮಿಷ ಹೀಗೆ ಮಾಡಿದರೆ ಸಾಕು, ಆಮೇಲೆ ಕಣ್ಣು ತಾನೇ ಗಮನಿಸುತ್ತದೆ. ಬೇರೆ ಸಿನಿಮಾಗಳಿಗೂ ಈ ಅಭ್ಯಾಸ ಬರುತ್ತದೆ.

ಸಂಗೀತದ ಬಗ್ಗೆಯೂ ಒಂದು ಮಾತು. ಸಂಗೀತ ಲಂಡನ್ನಿನ ಪಾಪ್ ತಂಡ ವಾಂಗ್ ಚಂಗ್‌ನದು. ಸಿಂಥಸೈಜರ್ ಸದ್ದು ಕೇಳಿದ ಕೂಡಲೇ 80ರ ದಶಕ ಅಂತ ಗೊತ್ತಾಗುತ್ತದೆ. ಕೆಲವರಿಗೆ ಇದು ಹಳತು ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಆ ಸಂಗೀತಕ್ಕೆ ನಾಡಿ ಬಡಿತದ ಅವಸರ ಇದೆ, ಚಾನ್ಸ್‌ನ ಅವಸರಕ್ಕೆ ಅದು ಹೊಂದುತ್ತದೆ. ಸಿನಿಮಾದ ಹೆಸರಿಟ್ಟುಕೊಂಡ ಹಾಡು ಬೇಡವೇ ಬೇಡ ಅಂತ ಫ್ರೀಡ್ಕಿನ್ ಮೊದಲೇ ಹೇಳಿದ್ದರಂತೆ. ತಂಡದವರು ಆದರೂ ಅದನ್ನೇ ಬರೆದು ತಂದರು. ಕೇಳಿದ ಮೇಲೆ ಅವರು ಅದನ್ನು ಉಳಿಸಿಕೊಂಡರು.

6. 20,000 ಡಾಲರಿನ ಲೆಕ್ಕ ತಲೆಯಲ್ಲಿರಲಿ

ಕಥೆಯ ಮಧ್ಯಕ್ಕೆ ಬಂದಾಗ ಒಂದು ವ್ಯವಹಾರದ ಮಾತು ಬರುತ್ತದೆ. ಇದು ತಪ್ಪಿದರೆ ಮುಂದಿನ ಅರ್ಧ ಗೊಂದಲ.

ಚಾನ್ಸ್ ಮತ್ತು ವುಕೋವಿಚ್ ವೇಷ ಮರೆಸಿಕೊಂಡು, ಖೋಟಾನೋಟು ಕೊಳ್ಳುವ ಗಿರಾಕಿಗಳಂತೆ ಮಾಸ್ಟರ್ಸ್ ಬಳಿ ಹೋಗುತ್ತಾರೆ. ನೋಟು ಕೈಗೆ ಬರುವ ಹೊತ್ತಿಗೆ ಸರಿಯಾಗಿ ಹಿಡಿಯಬೇಕು ಅನ್ನುವುದು ಲೆಕ್ಕ. ಮಾಸ್ಟರ್ಸ್ ಪಳಗಿದವನು. ಕೆಲಸ ಶುರುಮಾಡುವ ಮುಂಚೆ 30,000 ಡಾಲರ್ ಮುಂಗಡ ಕೇಳುತ್ತಾನೆ. ಇಲಾಖೆಯ ನಿಯಮ ಏನೆಂದರೆ, ಇಂಥ ಮುಂಗಡಕ್ಕೆ 10,000 ಡಾಲರ್‌ಗಿಂತ ಜಾಸ್ತಿ ಕೊಡುವ ಹಾಗಿಲ್ಲ. ಮೇಲಧಿಕಾರಿ ಒಪ್ಪುವುದಿಲ್ಲ.

ಕೊರತೆ 20,000. ಮುಂದೆ ನಡೆಯುವ ಎಲ್ಲವೂ ಈ ಕೊರತೆಯಿಂದಲೇ ನಡೆಯುತ್ತದೆ. ಕಾನೂನು ಕಾಯುವವನು ಕಾನೂನು ದಾಟಲು ಎಷ್ಟು ಸಣ್ಣ ಕಾರಣ ಸಾಕು ಅಲ್ವಾ? ಅಪರಾಧ ಕಥೆ ಬರೆಯುವ ಆಸೆ ಇರುವವರು ಇಲ್ಲಿ ಸ್ವಲ್ಪ ನಿಂತು ನೋಡಿ. ದೊಡ್ಡ ಪಿತೂರಿ ಬೇಕಿಲ್ಲ. ಒಂದು ನಿಯಮ, ಅದಕ್ಕೊಂದು ಮಿತಿ, ಆ ಮಿತಿ ದಾಟಲೇಬೇಕು ಅಂತ ಹಟ ಹಿಡಿದ ಒಬ್ಬ ಮನುಷ್ಯ. ಕಥೆ ತಾನಾಗಿ ಓಡುತ್ತದೆ.

7. ವುಕೋವಿಚ್‌ನನ್ನು ಹಿಂಬಾಲಿಸಿ, ಕಾರಿನಲ್ಲಿ ಕೂಡ

ಮುಖ್ಯವಾದದ್ದು ಇದು. ಕ್ಯಾಮೆರಾ ಚಾನ್ಸ್ ಹಿಂದೆ ಹೋಗುತ್ತದೆ. ನೀವು ಹೋಗಬೇಡಿ. ಒಂದೇ ಫ್ರೇಮಿನಲ್ಲಿ ಇಬ್ಬರೂ ಇದ್ದರೆ ವುಕೋವಿಚ್‌ನನ್ನೇ ನೋಡಿ.

ಆರಂಭದಲ್ಲಿ ಅವನು ಅಚ್ಚುಕಟ್ಟು. ನಿಯಮ ಗೊತ್ತು, ನಿಯಮದ ಮೇಲೆ ನಂಬಿಕೆಯೂ ಇದೆ. ಕೊಲೆ ನಡೆದ ಜಾಗದಿಂದ ಚಾನ್ಸ್ ಒಂದು ಸಾಕ್ಷಿಯನ್ನು ಯಾರಿಗೂ ಹೇಳದೆ ಎತ್ತಿಕೊಂಡಾಗ ಇವನು ಜಗಳಕ್ಕೇ ನಿಲ್ಲುತ್ತಾನೆ. ಆದರೆ ಮೇಲಧಿಕಾರಿಗೆ ಹೇಳುವುದಿಲ್ಲ. ಅದು ಮೊದಲ ಮೆಟ್ಟಿಲು. ಆಮೇಲೆ ಪ್ರತಿ ಸಲವೂ ಇದೇ ಕ್ರಮ: ಬೇಡ ಅನ್ನುತ್ತಾನೆ, ಕೂಗಾಡುತ್ತಾನೆ, ಕೊನೆಗೆ ಜೊತೆಗೆ ಹೋಗುತ್ತಾನೆ. ಪ್ರತಿ ‘ಬೇಡ’ವೂ ಹಿಂದಿನದಕ್ಕಿಂತ ಸ್ವಲ್ಪ ಮೆತ್ತಗೆ. ಒಂದು ಕಾಗದ ತೆಗೆದುಕೊಂಡು ಅವನು ಎಲ್ಲೆಲ್ಲಿ ಒಪ್ಪಿಕೊಂಡ ಅಂತ ಬರೆದುಕೊಂಡರೂ ತಪ್ಪಿಲ್ಲ. ಜೊತೆಗಾರನಿಗೆ ದ್ರೋಹ ಮಾಡಬಾರದು ಅನ್ನುವ ಒಂದೇ ಒಳ್ಳೆಯ ಗುಣ ಹಿಡಿದು ಒಬ್ಬ ಒಳ್ಳೆಯ ಮನುಷ್ಯನನ್ನು ಎಲ್ಲಿಗೆ ಬೇಕಾದರೂ ಎಳೆದುಕೊಂಡು ಹೋಗಬಹುದು. ಕೆಲಸದ ಜಾಗದಲ್ಲಿ ಇಂಥ ಒತ್ತಡ ಕಂಡವರಿಗೆ ಈ ಪಾತ್ರ ಬಹಳ ಹತ್ತಿರ ಅನ್ನಿಸುತ್ತದೆ.

ಈಗ ಕಾರ್ ಚೇಸ್. ಎಲ್ಲರೂ ಈ ಸಿನಿಮಾದ ಬಗ್ಗೆ ಮೊದಲು ಹೇಳುವುದು ಅದನ್ನೇ, ಹೇಳಲೇಬೇಕು ಕೂಡ. ಫ್ರೀಡ್ಕಿನ್ 1971ರಲ್ಲಿ ‘ದ ಫ್ರೆಂಚ್ ಕನೆಕ್ಷನ್’ ಮಾಡಿದವರು. ಅದರಲ್ಲಿ ನ್ಯೂಯಾರ್ಕಿನ ಎತ್ತರದ ರೈಲು ಹಳಿಯ ಕೆಳಗೆ ಕಾರು ಓಡುವ ದೃಶ್ಯ ಜಗತ್ತಿಗೇ ಮಾದರಿಯಾಯಿತು. ಅದನ್ನು ಮೀರಿಸಲು ಆಗದಿದ್ದರೆ ಚೇಸ್ ಬೇಡವೇ ಬೇಡ ಅಂತ ಈ ಚಿತ್ರದ ಸಾಹಸ ನಿರ್ದೇಶಕ ಬಡ್ಡಿ ಜೋ ಹುಕರ್‌ಗೆ ಹೇಳಿದ್ದರಂತೆ. ಚಿತ್ರೀಕರಣದ ಕೊನೆಗೆ ಇಟ್ಟುಕೊಂಡು ಸುಮಾರು ಆರು ವಾರ ತೆಗೆದುಕೊಂಡು ಮಾಡಿದರು. ಹೆದ್ದಾರಿಯ ಭಾಗಕ್ಕೆ ವಿಲ್ಮಿಂಗ್ಟನ್ ಹತ್ತಿರದ ಟರ್ಮಿನಲ್ ಐಲ್ಯಾಂಡ್ ಫ್ರೀವೇಯನ್ನು ಕೆಲವು ಗಂಟೆಗಳಂತೆ ಮುಚ್ಚಿಸಿದ್ದರು.

ನೋಡುವಾಗ ಈ ಮೂರನ್ನು ಗಮನಿಸಿ. ಒಂದು, ಜಾಗ ಬದಲಾಗುವ ಕ್ರಮ. ಗೋದಾಮುಗಳ ಸಂದಿ, ರೈಲು ಹಳಿ, ನದಿಯ ಕಾಂಕ್ರೀಟ್ ಪಾತ್ರ, ಕೊನೆಗೆ ಹೆದ್ದಾರಿ. ತಪ್ಪಿಸಿಕೊಳ್ಳುವ ದಾರಿಗಳು ಒಂದೊಂದಾಗಿ ಮುಚ್ಚುತ್ತಾ ಬರುತ್ತವೆ. ಎದುರು ದಿಕ್ಕಿನಲ್ಲಿ ಹೆದ್ದಾರಿಗೆ ನುಗ್ಗುವುದು ಸಾಹಸ ಅನ್ನಿಸುವುದಿಲ್ಲ, ಬೇರೆ ದಾರಿಯೇ ಉಳಿದಿಲ್ಲ ಅನ್ನಿಸುತ್ತದೆ. ಎರಡು, ಬೆನ್ನಟ್ಟುವವರ ಸಂಖ್ಯೆ. ಒಂದು ಕಾರು ಅಂದುಕೊಂಡಿರುತ್ತೀರಿ, ಆಮೇಲೆ? ಅವರು ಯಾರು ಅನ್ನುವ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮೂರು, ಹಿಂದಿನ ಸೀಟು. ಚಾನ್ಸ್ ಸ್ಟೀರಿಂಗ್ ಹಿಡಿದಿದ್ದಾನೆ. ವುಕೋವಿಚ್ ಹಿಂದೆ ಹೊರಳಾಡುತ್ತಾ, ಕೂಗುತ್ತಾ, ಪೂರ್ತಿ ಕುಸಿದುಹೋಗಿದ್ದಾನೆ. ಕೆಲವು ಕಡೆ ಪೀಟರ್ಸನ್ ಸ್ವತಃ ಕಾರು ಓಡಿಸಿದ್ದರಿಂದ ಪ್ಯಾಂಕೋ ಮುಖದ ಮೇಲಿನ ಭಯದಲ್ಲಿ ಒಂದಿಷ್ಟು ನಿಜವೂ ಇದೆ. ಮುಂದೆ ಕೂತವನಿಗೆ ಇದು ಸೇತುವೆಯ ಮೇಲಿನ ಜಿಗಿತದ ಮುಂದುವರಿದ ಭಾಗ. ಹಿಂದೆ ಕೂತವನಿಗೆ ಜೀವನ ಮುಗಿದ ಕ್ಷಣ.

ಇಲ್ಲಿಗೆ ನಿಲ್ಲಿಸಿ. ಸಿನಿಮಾ ನೋಡಿ ಬನ್ನಿ.

8. ನೋಡಿದ ಮೇಲೆ: ಕೊನೆಯ ಅರ್ಧ ಗಂಟೆಗೆ ಮತ್ತೆ ಹೋಗಿ

ಈಗ ನಿಮಗೆ ಗೊತ್ತು. ಅವರು ದೋಚಿದ ಮನುಷ್ಯ ವಜ್ರ ಕೊಳ್ಳಲು ಬಂದ ಕಳ್ಳ ವ್ಯಾಪಾರಿ ಅಲ್ಲ, ವೇಷ ಮರೆಸಿಕೊಂಡ ಎಫ್‌ಬಿಐ ಏಜೆಂಟ್. ಬೆನ್ನಟ್ಟಿದವರೂ ಅವನ ಕಡೆಯವರೇ. ಸರ್ಕಾರಿ ಏಜೆಂಟರು ಸರ್ಕಾರಿ ಏಜೆಂಟನ ಸಾವಿಗೆ ಕಾರಣರಾದರು, ಸರ್ಕಾರಿ ಏಜೆಂಟರಿಂದಲೇ ತಪ್ಪಿಸಿಕೊಂಡು ಓಡಿದರು. ಅದು ತಿಳಿಯುವ ಕ್ಷಣದಲ್ಲಿ ಇಬ್ಬರ ಮುಖವನ್ನೂ ಹೋಲಿಸಿ ನೋಡಿ. ಒಬ್ಬನ ತಲೆಯಲ್ಲಿ ಮುಂದಿನ ಹೆಜ್ಜೆ, ಇನ್ನೊಬ್ಬನ ತಲೆಯಲ್ಲಿ ಸತ್ತವನು.

ಆಮೇಲೆ ವುಕೋವಿಚ್ ವಕೀಲ ಗ್ರೈಮ್ಸ್ ಬಳಿ ಹೋಗುತ್ತಾನೆ. ಆ ವಕೀಲನಾಗಿ ನಟಿಸಿದ್ದು ಡೀನ್ ಸ್ಟಾಕ್‌ವೆಲ್. ಸಲಹೆ ಸ್ಪಷ್ಟ: ಜೊತೆಗಾರನ ವಿರುದ್ಧ ಸಾಕ್ಷಿ ಹೇಳು, ಶಿಕ್ಷೆ ಕಮ್ಮಿ ಮಾಡಿಸಿಕೊಳ್ಳಬಹುದು. ವುಕೋವಿಚ್ ಒಲ್ಲೆ ಅನ್ನುತ್ತಾನೆ. ನಮ್ಮ ಬಹುಪಾಲು ಸಿನಿಮಾಗಳಲ್ಲಿ ಇದು ಚಪ್ಪಾಳೆ ಬೀಳುವ ಜಾಗ. ಇಲ್ಲಿ ಅವನು ಪಾರಾಗಲು ಇದ್ದ ಕೊನೆಯ ಬಾಗಿಲೂ ಮುಚ್ಚಿಕೊಂಡ ಜಾಗ.

ಲಾಕರ್ ಕೋಣೆಯಲ್ಲಿ ಚಾನ್ಸ್ ಸಾಯುತ್ತಾನೆ. ಮುನ್ಸೂಚನೆ ಇಲ್ಲ, ಕೊನೆಯ ಮಾತಿಲ್ಲ, ಸಂಗೀತದ ಏರಿಳಿತ ಇಲ್ಲ. ಪೋಸ್ಟರಿನಲ್ಲಿದ್ದ ನಾಯಕ ಸಿನಿಮಾ ಮುಗಿಯುವ ಮುಂಚೆಯೇ ಹೋದ. ಇದು ಕಥೆಯ ತಪ್ಪು ಅಂತ ವಾದಿಸುವವರಿದ್ದಾರೆ. ನನ್ನ ಪ್ರಕಾರ ಸಿನಿಮಾ ತನ್ನ ನಿಜವಾದ ನಾಯಕ ಯಾರು ಅಂತ ಬಾಯಿಬಿಟ್ಟು ಹೇಳುವುದು ಇಲ್ಲೇ. ಬೆಂಕಿ ಹತ್ತಿದ ಗೋದಾಮಿಗೆ ಹೋಗಿ ಮಾಸ್ಟರ್ಸ್‌ನನ್ನು ಎದುರಿಸುವವನು ವುಕೋವಿಚ್.

ಕೊನೆಯ ದೃಶ್ಯ. ಜೈಲಿನಿಂದ ಷರತ್ತಿನ ಮೇಲೆ ಹೊರಗಿರುವ ರೂತ್, ಇಷ್ಟು ದಿನ ಚಾನ್ಸ್‌ಗೆ ಮಾಹಿತಿ ಕೊಡುತ್ತಿದ್ದವಳು, ಊರು ಬಿಡಲು ಸಿದ್ಧವಾಗಿದ್ದಾಳೆ. ವುಕೋವಿಚ್ ಬರುತ್ತಾನೆ. ಅವನ ಬಟ್ಟೆ ನೋಡಿ, ಕಪ್ಪು ಕನ್ನಡಕ ನೋಡಿ, ನಿಲ್ಲುವ ಭಂಗಿ ನೋಡಿ. ಇನ್ನು ಮೇಲೆ ತನಗೆ ಕೆಲಸ ಮಾಡಬೇಕು ಅಂತ ಹೇಳುತ್ತಾನೆ. ಈಗ ಹಿಂದೆ ಹೋಗಿ, ಚಾನ್ಸ್ ಮತ್ತು ರೂತ್ ಮೊದಲು ಮಾತಾಡುವ ದೃಶ್ಯಗಳನ್ನು ನೋಡಿ. ಮಾಹಿತಿ ನಿಲ್ಲಿಸಿದರೆ ಜೈಲಿಗೆ ವಾಪಸ್ ಕಳಿಸುತ್ತೇನೆ ಅಂತ ಅವನು ಎಷ್ಟು ಸಲೀಸಾಗಿ ಹೇಳುತ್ತಾನೆ ಕೇಳಿ. ಆ ಮಾತಿನ ಧಾಟಿ ಕೊನೆಯಲ್ಲಿ ಯಾರ ಬಾಯಲ್ಲಿದೆ ಅಂತ ಹೋಲಿಸಿ. ಡಾರ್ಲೇನ್ ಫ್ಲೂಗೆಲ್ ಈ ಪಾತ್ರದಲ್ಲಿ ಹೆಚ್ಚು ಮಾತಾಡುವುದಿಲ್ಲ. ಆದರೆ ಇಬ್ಬರು ಗಂಡಸರ ಆಟದ ಬೆಲೆ ತೆರುವವಳು ಅವಳು. ಮಾಸ್ಟರ್ಸ್ ತನ್ನ ಗಿರಾಕಿಗಳ ಜೊತೆ ಕೊಟ್ಟ ಮಾತಿಗೆ ನಿಲ್ಲುವ ವ್ಯಾಪಾರಿ. ಚಾನ್ಸ್ ರೂತ್‌ಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ. ಈ ಹೋಲಿಕೆ ನನ್ನನ್ನು ಬಹಳ ದಿನ ಕಾಡಿದೆ.

ಸ್ಟುಡಿಯೋಗೆ ಈ ಅಂತ್ಯ ಹಿಡಿಸಿರಲಿಲ್ಲ. ಅವರ ಒತ್ತಾಯಕ್ಕೆ ಫ್ರೀಡ್ಕಿನ್ ಇನ್ನೊಂದು ಅಂತ್ಯ ಚಿತ್ರೀಕರಿಸಿದರು. ಅದರಲ್ಲಿ ಇಬ್ಬರೂ ಬದುಕುಳಿದು ಅಲಾಸ್ಕಾಕ್ಕೆ ವರ್ಗವಾಗುತ್ತಾರೆ. ಕೊನೆಗೆ ಮೂಲ ಅಂತ್ಯವನ್ನೇ ಉಳಿಸಿಕೊಂಡರು. ಬದಲಿ ಅಂತ್ಯ ಡಿವಿಡಿಯ ಹೆಚ್ಚುವರಿ ಭಾಗದಲ್ಲಿದೆ. ಸಿಕ್ಕರೆ ನೋಡಿ, ಆದರೆ ಅದೇ ದಿನ ಬೇಡ. ಒಂದೆರಡು ದಿನ ಬಿಟ್ಟು ನೋಡಿ.

9. ಜೊತೆಗೆ ನೋಡಬೇಕಾದ ಹಳೇ ಸಿನಿಮಾ

ಒಂದು ವಾರದೊಳಗೆ 1947ರ ‘ಟಿ-ಮೆನ್’ ನೋಡಿ. ನಿರ್ದೇಶಕ ಆಂಥನಿ ಮ್ಯಾನ್, ಕ್ಯಾಮೆರಾ ಜಾನ್ ಆಲ್ಟನ್. ಇದರಲ್ಲೂ ಖಜಾನೆ ಇಲಾಖೆಯ ಇಬ್ಬರು ಏಜೆಂಟರು ಖೋಟಾನೋಟಿನ ಜಾಲದೊಳಗೆ ವೇಷ ಮರೆಸಿಕೊಂಡು ಸೇರುತ್ತಾರೆ. ಡೆಟ್ರಾಯಿಟ್‌ನಲ್ಲಿ ಶುರುವಾಗಿ ಲಾಸ್ ಏಂಜಲಿಸ್‌ಗೆ ಬರುತ್ತದೆ. ಹಿನ್ನೆಲೆ ಧ್ವನಿ ಸರ್ಕಾರಿ ಸಾಕ್ಷ್ಯಚಿತ್ರದಂತೆ ಇಲಾಖೆಯನ್ನು ಹೊಗಳುತ್ತಿರುತ್ತದೆ. ಆ ಧ್ವನಿಯನ್ನು ಸಹಿಸಿಕೊಳ್ಳಿ, ಆಲ್ಟನ್‌ರ ಕತ್ತಲು ಅದಕ್ಕಿಂತ ಬೇರೆಯೇ ಕಥೆ ಹೇಳುತ್ತದೆ. ಹಬೆ ಸ್ನಾನದ ಕೋಣೆಯಲ್ಲಿ ನಡೆಯುವ ಕೊಲೆಯ ಬೆಳಕನ್ನು ಐದನೇ ಹಂತದಲ್ಲಿ ಹೇಳಿದ ರೀತಿಯಲ್ಲಿ ಗಮನಿಸಿ.

ಎರಡು ದೃಶ್ಯಗಳಿಗಾಗಿ ಈ ಸಿನಿಮಾ ಬೇಕು. ಮೊದಲನೆಯದು ಮಾರುಕಟ್ಟೆಯಲ್ಲಿ. ವೇಷದಲ್ಲಿರುವ ಏಜೆಂಟ್ ಜಾಲದ ಮನುಷ್ಯನೊಬ್ಬನ ಜೊತೆ ನಿಂತಿದ್ದಾನೆ. ಹೆಂಡತಿಯ ಗೆಳತಿ ಅವನ ಗುರುತು ಹಿಡಿದುಬಿಡುತ್ತಾಳೆ. ಹೆಂಡತಿ ಗಂಡನ ಮುಖ ನೋಡಿ, ಇವರು ನನ್ನ ಗಂಡ ಅಲ್ಲ ಅಂತ ಹೇಳಬೇಕಾಗುತ್ತದೆ. ಎರಡನೆಯದು ಅದರ ಪರಿಣಾಮ. ಗುಟ್ಟು ರಟ್ಟಾದ ಏಜೆಂಟನನ್ನು ಅವನ ಜೊತೆಗಾರನ ಕಣ್ಣೆದುರೇ ಕೊಲ್ಲುತ್ತಾರೆ. ಜೊತೆಗಾರ ಕೈ ಎತ್ತುವ ಹಾಗಿಲ್ಲ. ಮುಖ ಕೂಡ ಬದಲಾಗುವ ಹಾಗಿಲ್ಲ. ಹ್ಯಾಟಿನ ಅಂಚಿನ ಕೆಳಗೆ ಅವನ ಕಣ್ಣನ್ನು ನೋಡಿ.

ಆ ದೃಶ್ಯ ಮುಗಿದ ಕೂಡಲೇ ನಿಲ್ಲಿಸಿ, 1985ರ ಸಿನಿಮಾಗೆ ಬಂದು, ಹಾರ್ಟ್‌ನ ಹೆಣ ಸಿಕ್ಕ ಮೇಲಿನ ಚಾನ್ಸ್‌ನನ್ನು ಮತ್ತೊಮ್ಮೆ ನೋಡಿ. ಒಂದೇ ಖಜಾನೆ ಇಲಾಖೆ, ಒಂದೇ ಖೋಟಾನೋಟು, ಜೊತೆಗಾರನ ಸಾವೂ ಒಂದೇ. 1947ರವನು ಸುಮ್ಮನೆ ನಿಂತು ಕೆಲಸ ಮುಗಿಸಿದ. 1985ರವನಿಗೆ ಸುಮ್ಮನೆ ನಿಲ್ಲಲು ಬರುವುದಿಲ್ಲ. ಇವೆರಡರ ನಡುವೆ ಸುಮಾರು ನಲವತ್ತು ವರ್ಷಗಳ ಅಮೆರಿಕ ಇದೆ: ವಿಯೆಟ್ನಾಂ ಇದೆ, ವಾಟರ್‌ಗೇಟ್ ಇದೆ, ಸರ್ಕಾರದ ಬ್ಯಾಡ್ಜ್ ಹಾಕಿದವನನ್ನು ಜನ ಪೂರ್ತಿ ನಂಬುವುದು ನಿಂತ ಕಾಲ ಇದೆ. ಎರಡನ್ನೂ ನೋಡಿದ ಮೇಲೆ ಸಮಯವಿದ್ದರೆ ‘ದ ಫ್ರೆಂಚ್ ಕನೆಕ್ಷನ್’ಗೆ ಹೋಗಿ. ಅಲ್ಲಿಯೂ ಇಬ್ಬರು ಜೊತೆಗಾರರಿದ್ದಾರೆ. ಅಲ್ಲಿಯೂ ಎರಡನೆಯವನ ಮುಖದಿಂದಲೇ ಶುರುಮಾಡಿ.